ಸಾಲಿಲ್ಲದ ಸರದಿ

ಮೊದಲ ಸಲ ಇಂಗ್ಲಿಷ್ ಪಬ್ಬಿಗೆ ಹೋದಾಗ ನಾನು ಹತ್ತು ನಿಮಿಷ ಒಬ್ಬ ಮನುಷ್ಯನ ಬೆನ್ನು ನೋಡುತ್ತಾ ನಿಂತಿದ್ದೆ. ಹಸಿರು ಬಣ್ಣದ ಹಳೇ ಕೋಟು, ಕಾಲರಿನ ಹತ್ತಿರ ನಾಯಿಯ ಬಿಳಿ ಕೂದಲು. ಊರಿಗೆ ಬಂದು ಆಗ ಮೂರು ವಾರ ಆಗಿತ್ತು. ಈ ದೇಶದಲ್ಲಿ ಎಲ್ಲದಕ್ಕೂ ಸಾಲು ನಿಲ್ಲಬೇಕು, ಸಾಲು ಮುರಿದವನನ್ನು ಕೊಲೆಗಾರನ ಹಾಗೆ ನೋಡುತ್ತಾರೆ ಅಂತ ಆಫೀಸಿನಲ್ಲಿದ್ದ ನಮ್ಮವರೆಲ್ಲ ಹೆದರಿಸಿದ್ದರು. ಹಾಗಾಗಿ ಕೌಂಟರಿನ ಮುಂದೆ ನಿಂತಿದ್ದವನ ಹಿಂದೆ, ಒಂದು ಮೊಳ ಜಾಗ ಬಿಟ್ಟು, ಶಿಸ್ತಾಗಿ ನಿಂತೆ. ಎಡಗಡೆಯಿಂದ ಒಬ್ಬಳು ಬಂದಳು, ಗ್ಲಾಸು ತಗೊಂಡು ಹೋದಳು. ಬಲಗಡೆಯಿಂದ ಇಬ್ಬರು ಬಂದರು, ಅವರಿಗೂ ಸಿಕ್ಕಿತು. ನನಗೆ ಒಳಗೊಳಗೇ ಸಿಟ್ಟು. ನೋಡು, ಸಾಲು ಸಾಲು ಅಂತ ಹೆಸರು ಮಾತ್ರ, ಇವರೂ ನಮ್ಮ ಹಾಗೇ ನುಗ್ಗುತ್ತಾರೆ ಅಂದುಕೊಂಡೆ. ಕೊನೆಗೆ ಕೋಟಿನವನೇ ತಿರುಗಿ ನೋಡಿ, "ಏನಪ್ಪಾ, ಬಸ್ಸಿಗೆ ಕಾಯ್ತಿದ್ದೀಯಾ?" ಅಂದ. ಅವನು ಸಾಲಿನಲ್ಲಿ ಇರಲೇ ಇಲ್ಲ. ಅದು ಅವನು ದಿನಾ ನಿಂತು ಕುಡಿಯುವ ಜಾಗ.

ಪಬ್ಬಿನಲ್ಲಿ ಸಾಲು ಇರುವುದಿಲ್ಲ. ಸರದಿ ಇರುತ್ತದೆ. ಕೌಂಟರಿನ ಉದ್ದಕ್ಕೂ ಎಲ್ಲಿ ಜಾಗವಿದೆಯೋ ಅಲ್ಲಿ ಹೋಗಿ ನಿಲ್ಲಬೇಕು. ಕೈ ಬೀಸಬಾರದು, ನೋಟು ಆಡಿಸಬಾರದು, ಕೂಗಲಂತೂ ಬಾರದು. ಸುಮ್ನೆ ಕೌಂಟರಿನವರ ಕಣ್ಣಿಗೆ ಬಿದ್ದರೆ ಸಾಕು. ಯಾರು ಯಾವಾಗ ಬಂದರು ಅನ್ನುವುದು ಅವರ ತಲೆಯಲ್ಲಿ ಇರುತ್ತದೆ. ಅಕ್ಕಪಕ್ಕ ನಿಂತವರ ತಲೆಯಲ್ಲೂ ಇರುತ್ತದೆ. ಇದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಆಮೇಲೆ ಒಂದು ಶುಕ್ರವಾರ ಸಂಜೆ, ನಮ್ಮ ಬೀದಿ ಕೊನೆಯ ಪಬ್ಬಿನಲ್ಲಿ, ಕೌಂಟರಿನ ಹುಡುಗಿ ನನ್ನನ್ನು ದಾಟಿ ಪಕ್ಕದವನ ಕಡೆ ತಿರುಗಿದಳು. ಅರವತ್ತು ದಾಟಿದ ದಪ್ಪ ಮನುಷ್ಯ, ಕೈ ಮೇಲೆಲ್ಲ ಹಚ್ಚೆ. ಅವನು ನನ್ನ ಕಡೆ ಹೆಬ್ಬೆರಳು ತೋರಿಸಿ, "ಇವನು ನನಗಿಂತ ಮುಂಚೆ ಬಂದ" ಅಂದ. ಅಷ್ಟೇ. ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನಾನು ಥ್ಯಾಂಕ್ಸ್ ಅಂದರೆ ಗಂಟಲಲ್ಲೇ ಏನೋ ಗೊಣಗಿದ. ಇದಾಗಿ ಎಷ್ಟೋ ವರ್ಷ ಆಯಿತು. ಆ ಪುಟ್ಟ ಮಾತು ಮಾತ್ರ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಉಳಿದುಬಿಟ್ಟಿದೆ.

ಬೀದಿ ಕೊನೆಯದ್ದು

ನಾನಿರುವುದು ಸ್ಮೆದಿಕ್ ಅನ್ನುವ ಊರಿನಲ್ಲಿ. ಬರ್ಮಿಂಗ್‌ಹ್ಯಾಮಿಗೆ ಅಂಟಿಕೊಂಡೇ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಡಬ್ಲ್ಯೂ ಬರುತ್ತದೆ, ಬಾಯಲ್ಲಿ ಬರುವುದಿಲ್ಲ. ನಮ್ಮ ಪಬ್ಬು ಪ್ರವಾಸಿಗರು ಫೋಟೋ ಹೊಡೆಯುವಂಥದ್ದಲ್ಲ. ಕೆಂಪು ಇಟ್ಟಿಗೆ, ಕಾಲಿಗೆ ಅಂಟುವ ಕಾರ್ಪೆಟ್ಟು, ಗೋಡೆಯ ಮೇಲೆ ಡಾರ್ಟ್ಸ್ ಹಲಗೆ, ಮೂಲೆಯಲ್ಲಿ ಯಾರೂ ನೋಡದ ಟೀವಿ. ಆದರೆ ಕಿಟಕಿಗಳು ದೊಡ್ಡವು. ಬೀದಿಯಲ್ಲಿ ಹೋಗುವವರಿಗೆ ಒಳಗಿರುವವರು ಕಾಣುತ್ತಾರೆ. ಮೊದಮೊದಲು ನನಗೆ ಇದೇ ವಿಚಿತ್ರ ಅನ್ನಿಸುತ್ತಿತ್ತು. ನಮ್ಮ ಅರಸೀಕೆರೆ ಕಡೆ ಬಾರ್ ಅಂಡ್ ರೆಸ್ಟೋರೆಂಟ್ ಅಂದರೆ ಕಪ್ಪು ಗಾಜು, ಬಾಗಿಲಿಗೆ ಪರದೆ, ಒಳಗೆ ಹಗಲಲ್ಲೂ ಕತ್ತಲೆ. ಒಳಗೆ ಹೋಗುವವನು ಒಮ್ಮೆ ಹಿಂದೆ ತಿರುಗಿ ನೋಡಿಯೇ ಹೋಗುತ್ತಾನೆ. ಬೆಂಗಳೂರಿನ ಪಬ್ಬು ಬೇರೆ ಬಿಡಿ, ಅಲ್ಲಿ ಮ್ಯೂಸಿಕ್ಕಿನ ಅಬ್ಬರಕ್ಕೆ ಪಕ್ಕದವನ ಹೆಸರೂ ಕೇಳಿಸುವುದಿಲ್ಲ. ಇಲ್ಲಿ ಅಜ್ಜಿಯೊಬ್ಬರು ಪೇಪರ್ ಓದುತ್ತಾ ಅರ್ಧ ಪೈಂಟು ಬಿಯರು ಇಟ್ಟುಕೊಂಡು ಕೂತಿರುತ್ತಾರೆ. ನಾಯಿಗಳಿಗೆ ಕೌಂಟರಿನ ಕೆಳಗೆ ನೀರಿನ ಬಟ್ಟಲು ಇದೆ. ಮಗು ಚಿಪ್ಸ್ ತಿನ್ನುತ್ತಾ ಬಣ್ಣ ಹಚ್ಚುತ್ತಿರುತ್ತದೆ.

ಕೌಂಟರಿನ ಮೇಲೆ ಉದ್ದ ಮರದ ಹಿಡಿಕೆಗಳಿವೆ. ಹಿಡಿಕೆ ಎಳೆದರೆ ಕೆಳಗಿನ ನೆಲಮಾಳಿಗೆಯ ಪೀಪಾಯಿಯಿಂದ ಏಲ್ ಅನ್ನುವ ಬಿಯರು ಮೇಲೆ ಬರುತ್ತದೆ. ನಮ್ಮ ಬೋರ್‌ವೆಲ್ ಹ್ಯಾಂಡ್ ಪಂಪಿನ ಕೆಲಸವೇ, ಸ್ವಲ್ಪ ನಾಜೂಕು ಅಷ್ಟೇ. ಈ ಏಲ್ ಪೀಪಾಯಿಯೊಳಗೂ ಹುಳಿಯುತ್ತಲೇ ಇರುತ್ತದೆ. ಹನ್ನೆರಡು ಡಿಗ್ರಿ ಆಸುಪಾಸಿನಲ್ಲಿ ಇಡುತ್ತಾರೆ. ತೆರೆದ ಮೇಲೆ ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ವಿನಿಗರ್ ಆಗುತ್ತದೆ. ಹಾಲು, ಮೊಸರು, ಹಿಟ್ಟು ಹುಳಿ ಬರುವುದರ ಲೆಕ್ಕ ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪೈಂಟು ಅಂದರೆ 568 ಮಿಲಿಲೀಟರ್. ಲೀಟರು, ಕಿಲೋ ಎಲ್ಲ ಬಂದರೂ ಬಿಯರಿನ ಪೈಂಟನ್ನು ಮಾತ್ರ ಯಾರಿಂದಲೂ ಅಲುಗಾಡಿಸಲು ಆಗಿಲ್ಲ.

ಇಲ್ಲೊಂದು ತಮಾಷೆ ಹೇಳಲೇಬೇಕು. ನಾವು ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಮುಟ್ಟದವರು. ಬಿಯರ್ ಕುಡಿಯುವುದು ಅಮ್ಮನಿಗೆ ಗೊತ್ತಾದಾಗ, "ಹೋಗಲಿ, ಬಾರ್ಲಿ ತಾನೇ" ಅಂತ ನಾನೇ ಸಮಾಧಾನ ಹೇಳಿದ್ದೆ. ನಾಲ್ಕು ವರ್ಷ ಆದಮೇಲೆ ಗೊತ್ತಾಯಿತು, ಹಳೇ ಪದ್ಧತಿಯ ಏಲನ್ನು ತಿಳಿ ಮಾಡಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಅನ್ನುವ ವಸ್ತು ಹಾಕುತ್ತಾರೆ ಅಂತ. ಅದು ಮಡ್ಡಿಯನ್ನೆಲ್ಲ ಎಳೆದುಕೊಂಡು ತಳಕ್ಕೆ ಕೂರುತ್ತದೆ. ಉಡುಪಿ ಕಡೆಯ ಗೆಳೆಯನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಮೀನು ಒಳಗೆ ಇಲ್ಲ ಮಾರಾಯ, ಬಂದು ಕ್ಲೀನ್ ಮಾಡಿ ಹೋಗಿದೆ" ಅಂದ. ಈಗ ಹಾಕದೇ ಮಾಡುವವರೂ ಇದ್ದಾರೆ, ಕೇಳಿ ತಗೊಳ್ಳುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಊಟದ ವಿಷಯದಲ್ಲಿ ನನ್ನಂಥವನಿಗೆ ಪಬ್ಬು ಧಾರಾಳವಲ್ಲ. ಮೀನು ಮತ್ತು ಚಿಪ್ಸ್, ಸ್ಟೇಕ್ ಪೈ, ಭಾನುವಾರ ರೋಸ್ಟು. ಇದೆಲ್ಲ ಬೇರೆಯವರ ತಟ್ಟೆಯಲ್ಲಿ ನೋಡಿದ್ದೇ ಜಾಸ್ತಿ. ನನಗೆ ನಟ್ ರೋಸ್ಟ್ ಅಂತ ಒಂದು ಇಟ್ಟಿಗೆ ಕೊಡುತ್ತಾರೆ, ಮೇಲೆ ಗ್ರೇವಿ ಸುರಿದರೆ ನೆನೆದ ಇಟ್ಟಿಗೆ. ಆದರೆ ಈ ಭಾಗದ ಪಬ್ಬುಗಳಲ್ಲಿ ಕಾಬ್ ಅಂತ ಒಂದಿದೆ. ದುಂಡಗಿನ ಬನ್ನು, ಒಳಗೆ ಬೆರಳು ದಪ್ಪದ ಚೀಸು, ಅದರ ಮೇಲೆ ಹಸಿ ಈರುಳ್ಳಿಯ ಒಂದು ಇಡೀ ಬಿಲ್ಲೆ. ಪ್ಲಾಸ್ಟಿಕ್ ಹಾಳೆ ಸುತ್ತಿ ಕೌಂಟರಿನ ಮೇಲೆ ಗಾಜಿನ ಮುಚ್ಚಳದ ಕೆಳಗೆ ಇಟ್ಟಿರುತ್ತಾರೆ. ಕಚ್ಚಿದರೆ ಕಣ್ಣಲ್ಲಿ ನೀರು ಬರಬೇಕು. ರಾಗಿ ರೊಟ್ಟಿಗೆ ಈರುಳ್ಳಿ ಜಜ್ಜಿಕೊಂಡು ತಿಂದವರಿಗೆ ಇದು ಪರದೇಶದ ತಿಂಡಿ ಅನ್ನಿಸುವುದೇ ಇಲ್ಲ.

ನಿನ್ನ ರೌಂಡು

ಸರದಿಯ ಇನ್ನೊಂದು ರೂಪ ರೌಂಡು. ಇದರಲ್ಲಿ ನಾನು ಮಾನ ಕಳೆದುಕೊಂಡಿದ್ದೇನೆ. ಆಫೀಸಿನ ನಾಲ್ಕು ಜನ ಹೋಗಿದ್ದೆವು. ಮೊದಲನೆಯವನು ಎದ್ದು ನಾಲ್ಕು ಗ್ಲಾಸ್ ತಂದ. ಒಳ್ಳೆಯವನು ಅಂದುಕೊಂಡೆ. ಎರಡನೆಯವಳು ನಾಲ್ಕು ತಂದಳು. ಮೂರನೆಯವನೂ ತಂದ. ಆಮೇಲೆ ನಾನು ಎದ್ದು ಹೋಗಿ ನನಗೊಂದು ನಿಂಬೆ ಸೋಡಾ ತಂದುಕೊಂಡು ಆರಾಮಾಗಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಇಂಗ್ಲಿಷರ ಕಷ್ಟವೇ ಅದು, ಅವರು ಏನೂ ಅನ್ನುವುದಿಲ್ಲ. ಮೂವರ ಮುಂದೆ ಖಾಲಿ ಗ್ಲಾಸು, ನನ್ನ ಮುಂದೆ ತುಂಬಿದ್ದು. ಮಾತು ಹವಾಮಾನದ ಕಡೆ ತಿರುಗಿತು. ಎರಡು ವಾರ ಆದಮೇಲೆ ಅದೇ ಎರಡನೆಯವಳು ನನ್ನನ್ನು ಪಕ್ಕಕ್ಕೆ ಕರೆದು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಕಿವಿ ಬಿಸಿಯಾಯಿತು.

ನಮ್ಮಲ್ಲಿ ಬಿಲ್ಲು ಬಂದಾಗ ಜಗಳ ಆಗುತ್ತದೆ, ಅಲ್ವಾ? "ನೀವಿರಿ, ನಾನು ಕೊಡ್ತೀನಿ" ಅಂತ ಕೈ ಹಿಡಿದು, ಜೇಬಿಗೆ ನೋಟು ತುರುಕಿ, ಕ್ಯಾಷಿಯರಿಗೆ ಕಣ್ಣು ಮಿಟುಕಿಸಿ. ಕೊಟ್ಟವನು ಗೆದ್ದ. ಉಳಿದವರು ಸೋತು, ಸೋತಿದ್ದಕ್ಕೆ ಒಳಗೊಳಗೇ ಖುಷಿಪಟ್ಟು ಮನೆಗೆ ಹೋಗುತ್ತಾರೆ. ರೌಂಡಿನಲ್ಲಿ ಗೆಲ್ಲುವ ಸೋಲುವ ಮಾತಿಲ್ಲ. ಎಲ್ಲರೂ ಎಲ್ಲರಿಗೂ ಸಾಲಗಾರರು. ಯಾರೂ ಲೆಕ್ಕ ಇಟ್ಟಿಲ್ಲ ಅನ್ನುವ ಹಾಗೆ ಎಲ್ಲರೂ ಲೆಕ್ಕ ಇಟ್ಟಿರುತ್ತಾರೆ. ನೀನು ಅರ್ಧ ಪೈಂಟು ಕುಡಿದರೂ ನಿನ್ನ ಸರದಿ ಬಂದಾಗ ನಾಲ್ಕು ಪೂರ್ತಿ ಗ್ಲಾಸು ತರಬೇಕು. ದುಡ್ಡಿನ ಲೆಕ್ಕದಲ್ಲಿ ನನಗೆ ಇದು ಶುದ್ಧ ನಷ್ಟ. ಆದರೂ ಒಂದು ಅನುಕೂಲ ಇದೆ. ಎದ್ದು ಹೋಗಿ ತರುವ ನೆಪದಲ್ಲಿ ಕೌಂಟರಿಗೆ ಹೋಗುತ್ತೀಯಾ, ಅಲ್ಲಿ ಗುರುತಿಲ್ಲದವನ ಪಕ್ಕ ನಿಲ್ಲುತ್ತೀಯಾ. ಟೇಬಲ್ಲಿಗೇ ವೇಟರ್ ಬರುವ ಕಡೆ ಅದು ಆಗುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಸರ್ಕಾರ ಈ ರೌಂಡನ್ನೇ ನಿಷೇಧಿಸಿತ್ತು ಅಂದರೆ ನಂಬುತ್ತೀರಾ? 1915ರಲ್ಲಿ ಲಂಡನ್ನಿನಲ್ಲಿ ಮತ್ತು ಮದ್ದುಗುಂಡು ಕಾರ್ಖಾನೆಗಳಿದ್ದ ಕಡೆಗಳಲ್ಲಿ ಇನ್ನೊಬ್ಬರಿಗೆ ಕುಡಿಯಲು ಕೊಡಿಸುವುದು ಅಪರಾಧ. ರೌಂಡಿನ ಸಂಕೋಚಕ್ಕೆ ಸಿಕ್ಕಿ ಕೆಲಸಗಾರರು ಬೇಕಾದ್ದಕ್ಕಿಂತ ಜಾಸ್ತಿ ಕುಡಿಯುತ್ತಾರೆ ಅನ್ನುವುದು ಕಾರಣ. ಅದೇ ಯುದ್ಧದಲ್ಲಿ ಬಂದ ಮಧ್ಯಾಹ್ನ ಬಾಗಿಲು ಹಾಕುವ ನಿಯಮ 1988ರವರೆಗೂ ಉಳಿದಿತ್ತು. ರೌಂಡಿನ ನಿಷೇಧ ಮಾತ್ರ ಯುದ್ಧದ ಜೊತೆಗೇ ಹೋಯಿತು.

ಕೋವಿಡ್ ಸರದಿಯನ್ನು ಕೆಡಿಸಿತು. 2020ರ ಮಾರ್ಚಿನಲ್ಲಿ ಪಬ್ಬು ಮುಚ್ಚಿ, ಜುಲೈ 4ಕ್ಕೆ ತೆಗೆದಾಗ ಕೌಂಟರಿಗೆ ಹೋಗುವ ಹಾಗೇ ಇರಲಿಲ್ಲ. ಕೂತಲ್ಲೇ ಫೋನಿನಲ್ಲಿ ಆರ್ಡರ್ ಮಾಡಬೇಕು. ಆಮೇಲೆ ಎಲ್ಲ ಸರಿಹೋಯಿತು ಅಂದುಕೊಂಡರೆ, ಆ ಹೊತ್ತಿನಲ್ಲಿ ಕುಡಿಯುವ ವಯಸ್ಸಿಗೆ ಬಂದ ಹುಡುಗರು ಪಬ್ಬಿನೊಳಗೆ ಒಬ್ಬರ ಹಿಂದೆ ಒಬ್ಬರು ಸಾಲು ನಿಲ್ಲತೊಡಗಿದರು. ಇಡೀ ಕೌಂಟರ್ ಖಾಲಿ, ಸಾಲು ಮಾತ್ರ ಬಾಗಿಲವರೆಗೆ. ಹಸಿರು ಕೋಟಿನವನು ಇದನ್ನು ನೋಡಿ ತಲೆ ಚಚ್ಚಿಕೊಂಡಿದ್ದು ನಾನೇ ಕಂಡಿದ್ದೇನೆ. ನನ್ನ ಕಡೆ ತಿರುಗಿ, "ನೋಡು, ಎಲ್ಲರೂ ನಿನ್ನ ಹಾಗೆ ಆಗಿಬಿಟ್ಟರು" ಅಂದ. ಅಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡಿದ್ದ ಪುಣ್ಯಾತ್ಮ.

ಅಪ್ಪ ನೋಡಿದ್ದು

ಹೋದ ವರ್ಷ ಸೆಪ್ಟೆಂಬರಿನಲ್ಲಿ ಅಪ್ಪ ಬಂದಿದ್ದರು. ಅಮ್ಮ ಮೊಣಕಾಲು ನೋವು ಅಂತ ಬರಲಿಲ್ಲ. ಅಪ್ಪ ಕೆಎಸ್ಸಾರ್ಟಿಸಿಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಅರಸೀಕೆರೆಯಿಂದ ಹುಳಿಯಾರು ಕಡೆ ಹೋಗುವ ರೂಟು ಅವರದ್ದು. ಒಂದು ತೊಟ್ಟು ಕುಡಿದವರಲ್ಲ. ಊರಿನಲ್ಲಿ ಬಾರ್ ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಅವರನ್ನು ಪಬ್ಬಿಗೆ ಕರೆಯಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ. ಆದರೆ ಅವರು ಬೆಳಿಗ್ಗೆ ವಾಕಿಂಗ್ ಹೋಗುವಾಗ ದಿನಾ ಆ ಕಿಟಕಿಯ ಮುಂದೆಯೇ ಹೋಗುತ್ತಿದ್ದರು. ಒಂದು ಶನಿವಾರ ಅವರೇ, "ಅದೇನು ಒಳಗೆ ಮುದುಕೀರು, ಮಕ್ಕಳೆಲ್ಲ ಇರ್ತಾರಲ್ಲ, ಹೋಟ್ಲಾ?" ಅಂತ ಕೇಳಿದರು. ಹೂಂ, ಹೋಟ್ಲು ಥರಾನೇ ಅಂದೆ. ಹೋದೆವು.

ಅವತ್ತು ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಫುಟ್‌ಬಾಲ್ ತಂಡದ ಮ್ಯಾಚಿನ ದಿನ. ನೀಲಿ ಬಿಳಿ ಪಟ್ಟೆಯ ಅಂಗಿ ಹಾಕಿದವರೆಲ್ಲ ಕೌಂಟರಿಗೆ ಮುತ್ತಿಕೊಂಡಿದ್ದರು. ಅಪ್ಪನನ್ನು ಮೂಲೆಯ ಬೆಂಚಿನಲ್ಲಿ ಕೂರಿಸಿ, ಅವರಿಗೆ ಬಿಸಿನೀರು ಮತ್ತು ಒಂದು ಕಾಬ್, ನನಗೊಂದು ಅರ್ಧ ಪೈಂಟು ತಂದೆ. ನನ್ನ ಗ್ಲಾಸನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಕಾಬಿನಿಂದ ಈರುಳ್ಳಿ ಬಿಲ್ಲೆ ಹೊರಗೆ ತೆಗೆದು, ನಾಲ್ಕು ಚೂರು ಮಾಡಿ, ಮತ್ತೆ ಒಳಗಿಟ್ಟು ತಿಂದರು. ತಿನ್ನುತ್ತಾ ಅರ್ಧ ಗಂಟೆ ಕೌಂಟರನ್ನೇ ನೋಡುತ್ತಿದ್ದರು. ಬೇಜಾರಾಯಿತೇನೋ, ಎದ್ದು ಹೋಗೋಣ ಅನ್ನುತ್ತಾರೇನೋ ಅಂತ ನಾನು ಕಾಯುತ್ತಿದ್ದೆ.

"ಆ ಹುಡುಗಿ ಕಂಡಕ್ಟರ್ ಕಣೋ" ಅಂದರು.

ನನಗೆ ಅರ್ಥವಾಗಲಿಲ್ಲ. ಅಪ್ಪ ಬಾಯಿ ಒರೆಸಿಕೊಂಡು ಶುರು ಮಾಡಿದರು. ಸಂತೆ ದಿನ ಎಂಬತ್ತು ಜನ ಹತ್ತುತ್ತಾರೆ. ಹಿಂದಿನ ಬಾಗಿಲು, ಮುಂದಿನ ಬಾಗಿಲು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಬೇರೆ. ಯಾರಿಗೆ ಟಿಕೆಟ್ ಆಯಿತು, ಯಾರಿಗೆ ಆಗಿಲ್ಲ, ಯಾರಿಗೆ ಚಿಲ್ಲರೆ ಬಾಕಿ ಅಂತ ಬರೆದಿಟ್ಟುಕೊಳ್ಳಲು ಆಗುತ್ತಾ? ಚಿಲ್ಲರೆ ಟಿಕೆಟ್ಟಿನ ಹಿಂದೆ ಬರೆಯಬಹುದು. ಉಳಿದಿದ್ದು ಮುಖದಲ್ಲಿರುತ್ತದೆ. "ಟಿಕೆಟ್ ತಗೊಂಡೋನು ನಿನ್ನ ನೋಡ್ತಾನೆ. ತಗೊಳ್ದೇ ಇರೋನು ಕಿಟಕಿ ಆಚೆ ನೋಡ್ತಾನೆ. ಇಲ್ಲಿ ಉಲ್ಟಾ. ಸಿಕ್ಕಿದೋನು ಗ್ಲಾಸ್ ನೋಡ್ತಾವ್ನೆ, ಸಿಗದೋನು ಅವಳನ್ನ ನೋಡ್ತಾವ್ನೆ. ಈಗ ನೋಡು, ಆ ಕನ್ನಡಕದೋನಿಗೆ ಕೊಡ್ತಾಳೆ. ಆಮೇಲೆ ಆ ಕೆಂಪು ಕೂದಲಿನೋಳಿಗೆ." ಹಾಗೇ ಆಯಿತು. ಮೂರನೆಯದ್ದೂ ಹೇಳಿದರು, ಅದೂ ಸರಿ. ನನಗೆ ಒಂದು ವರ್ಷ ಹಿಡಿದದ್ದು ಅಪ್ಪನಿಗೆ ಅರ್ಧ ಗಂಟೆ.

ಎರಡು ಮೈಲಿ ಆಚೆ

ಈ ಊರಿನ ಕಥೆ ಗೊತ್ತಿದ್ದವರಿಗೆ ಇಲ್ಲಿಯ ಪಬ್ಬಿನಲ್ಲಿ ಪೂರ್ತಿ ನಿರಾಳವಾಗಿ ಕೂರಲು ಆಗುವುದಿಲ್ಲ. ಮಾರನೇ ದಿನ ಅಪ್ಪನನ್ನು ಮಾರ್ಷಲ್ ಸ್ಟ್ರೀಟಿಗೆ ಕರೆದುಕೊಂಡು ಹೋದೆ. ಒಂದಕ್ಕೊಂದು ಅಂಟಿದ ಸಾಮಾನ್ಯ ಮನೆಗಳ ಬೀದಿ. ಅಲ್ಲಿ ಒಂದು ನೀಲಿ ಫಲಕ ಇದೆ, ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾಲ್ಕಮ್ ಎಕ್ಸ್ ಬಂದಿದ್ದರು ಅಂತ. 1965ರ ಫೆಬ್ರವರಿ 12. ಅಮೆರಿಕದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲು ಇನ್ನು ಒಂಬತ್ತು ದಿನ ಇತ್ತು. ಈ ಬೀದಿಯ ಖಾಲಿ ಮನೆಗಳು ಬಿಳಿಯರಿಗೆ ಮಾತ್ರ ಸಿಗುವ ಹಾಗೆ ಮಾಡಲು ಆಗ ಇಲ್ಲಿಯ ಕೌನ್ಸಿಲ್ಲು ಹೊರಟಿತ್ತು. ಮಾಲ್ಕಮ್ ಎಕ್ಸ್ ಅವರನ್ನು ಸುತ್ತಾಡಿಸಿದವರು ಅವತಾರ್ ಸಿಂಗ್ ಜೋಹಲ್. ಪಂಜಾಬಿನಿಂದ ಬಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಮನುಷ್ಯ, ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಮುಂದಾಳು. ಅವರಿಬ್ಬರೂ ಹೈ ಸ್ಟ್ರೀಟಿನ ಬ್ಲೂ ಗೇಟ್ಸ್ ಅನ್ನುವ ಪಬ್ಬಿಗೂ ಹೋದರು. ಒಳ್ಳೆ ಕುರ್ಚಿಗಳಿದ್ದ ಕೋಣೆಯಲ್ಲಿ ಇವರಿಗೆ ಕೊಡಲಿಲ್ಲ. ಬೇಕಾದರೆ ಸಾದಾ ಕೋಣೆಗೆ ಹೋಗಿ ಅಂದರು. ಆಗಿನ ಪಬ್ಬುಗಳಿಗೆ ಎರಡು ಕೋಣೆ, ಎರಡು ಬಾಗಿಲು. ಫೌಂಡ್ರಿಯಲ್ಲಿ ಒಟ್ಟಿಗೆ ಬೆವರು ಸುರಿಸಿ ಬಂದವರಲ್ಲಿ ಬಿಳಿಯನಿಗೆ ಎರಡೂ ಬಾಗಿಲು, ಇವರಿಗೆ ಒಂದು, ಕೆಲವು ಕಡೆ ಒಂದೂ ಇಲ್ಲ. ಜೋಹಲ್ ಕಡೆಯವರು ಬಿಳಿಯ ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಂಡು ಪಬ್ಬಿನಿಂದ ಪಬ್ಬಿಗೆ ಹೋದರು. ಬಿಳಿಯ ಹುಡುಗ ಕೇಳಿದರೆ ಸಿಗುತ್ತಿತ್ತು, ಪಕ್ಕದ ಪಂಜಾಬಿ ಕೇಳಿದರೆ ಇಲ್ಲ. ಹೀಗೆ ಒಂದೊಂದೇ ಪಬ್ಬನ್ನು ಎಲ್ಲರ ಕಣ್ಣೆದುರು ಸಿಕ್ಕಿಹಾಕಿಸಿದರು. ಅದೇ ವರ್ಷದ ಕೊನೆಗೆ ಬಂದ ರೇಸ್ ರಿಲೇಷನ್ಸ್ ಕಾಯ್ದೆ ಪಬ್ಬಿನಂಥ ಜಾಗಗಳಲ್ಲಿ ಈ ಭೇದ ಕಾನೂನಿಗೆ ವಿರುದ್ಧ ಅಂದಿತು.

ಹಾಗಾಗಿ "ಇವನು ನನಗಿಂತ ಮುಂಚೆ ಬಂದ" ಅನ್ನುವ ಮಾತು ನನಗೆ ಬರೀ ಸಭ್ಯತೆಯ ಹಾಗೆ ಕೇಳಿಸುವುದಿಲ್ಲ. ಆ ಹಚ್ಚೆಯ ಮನುಷ್ಯನಿಗೆ ಅದು ಬರೀ ಅಭ್ಯಾಸ. ಅವನ ಅಪ್ಪ ಇದೇ ಕೌಂಟರಿನಲ್ಲಿ ಏನು ಹೇಳುತ್ತಿದ್ದನೋ. ಪಬ್ಬನ್ನು ನಮ್ಮ ಅರಳಿಕಟ್ಟೆಗೆ ಹೋಲಿಸಿ ಬರೆಯುವವರನ್ನು ಕಂಡರೆ ನನಗೆ ಅದಕ್ಕೇ ಸ್ವಲ್ಪ ರೇಗುತ್ತದೆ. ಹೋಲಿಕೆ ಸರಿಯಾಗೇ ಇದೆ. ಆದರೆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ನಿಲ್ಲುತ್ತಿದ್ದರು ಅನ್ನುವುದನ್ನೂ ಹೇಳಬೇಕು.

ಅಪ್ಪನಿಗೆ ಮಾಲ್ಕಮ್ ಎಕ್ಸ್ ಯಾರು ಅಂತ ಗೊತ್ತಿರಲಿಲ್ಲ. ಫಲಕ ನೋಡಿ "ಇಷ್ಟೇನಾ?" ಅಂದರು. ಅವರಿಗೆ ತಟ್ಟಿದ್ದು ಇನ್ನೊಂದು ವಿಷಯ. ಇಲ್ಲೇ ಪಕ್ಕದ ವೆಸ್ಟ್ ಬ್ರಾಮಿಚ್ಚಿನಲ್ಲಿ 1955ರಲ್ಲಿ ಒಬ್ಬ ಭಾರತೀಯನನ್ನು ಬಸ್ ಕಂಡಕ್ಟರ್ ಕೆಲಸಕ್ಕೆ ತಗೊಂಡಿದ್ದಕ್ಕೆ ಬಸ್ಸಿನವರು ಶನಿವಾರ ಶನಿವಾರ ಮುಷ್ಕರ ಹೂಡಿದ್ದರು. ಒಬ್ಬನೇ ಒಬ್ಬ. ಇನ್ನೂ ಕೆಲಸ ಕಲಿಯುತ್ತಿದ್ದವನು. ಅಪ್ಪ ನಿಂತುಬಿಟ್ಟರು.

"ನಾವೂ ಮಾಡಿದೀವಿ ಸ್ಟ್ರೈಕು. ಸಂಬಳಕ್ಕೆ, ಡಿಎಗೆ. ಒಬ್ಬ ಮನುಷ್ಯ ಬ್ಯಾಡ ಅಂತ ಸ್ಟ್ರೈಕಾ?"

ಸ್ವಲ್ಪ ದೂರ ಮಾತಿಲ್ಲದೆ ನಡೆದೆವು. ಆಮೇಲೆ ಅವರೇ ಹೇಳಿದರು. ಅವರ ರೂಟಿನಲ್ಲಿ ಒಂದು ಹೋಟ್ಲಿತ್ತು, ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಹೋಟ್ಲಿನ ಹೊರಗೋಡೆಯ ಮೇಲೆ ಮೂರು ಗಾಜಿನ ಲೋಟ ಮಗುಚಿ ಇಟ್ಟಿರುತ್ತಿದ್ದರು. ಕಾಲೋನಿಯವರು ಬಂದು ಲೋಟ ತಾವೇ ತಗೊಂಡು, ಮೇಲಿನಿಂದ ಹೊಯ್ಸಿಕೊಂಡು, ಕುಡಿದು, ತಾವೇ ತೊಳೆದು ಮತ್ತೆ ಮಗುಚಿ ಇಡಬೇಕು. ಅಪ್ಪನ ಬಸ್ಸಿನ ಡ್ರೈವರಿಗೂ ಅದೇ ಲೋಟ. "ಬಸ್ಸಲ್ಲಿ ಅವನೂ ನಾನೂ ಒಂದೇ ಡಬ್ಬಿ ಊಟ. ಆ ಹೋಟ್ಲತ್ರ ಅವನು ಸ್ಟೇರಿಂಗ್ ಬಿಟ್ಟು ಇಳೀತಾನೇ ಇರ್ಲಿಲ್ಲ. ತಲೆ ನೋವು ಅನ್ನೋನು."

"ನೀವು?" ಅಂದೆ.

"ನಾನು ಒಳಗೇ ಕೂತು ಕುಡೀತಿದ್ದೆ" ಅಂದರು.

ಸಂಜೆ ಒಂದು ದೇಸಿ ಪಬ್ಬಿಗೆ ಹೋದೆವು. ಒಂದು ಕಾಲಕ್ಕೆ ಬಾಗಿಲಲ್ಲೇ ತಡೆಯುತ್ತಿದ್ದ ಊರಿನಲ್ಲಿ ಈಗ ಎಷ್ಟೋ ಪಬ್ಬುಗಳನ್ನು ಪಂಜಾಬಿಗಳೇ ನಡೆಸುತ್ತಾರೆ. ಅದೇ ಹಿಡಿಕೆ, ಅದೇ ಡಾರ್ಟ್ಸ್ ಹಲಗೆ. ಅಡುಗೆಮನೆಯಿಂದ ಮಾತ್ರ ಚುರ್ರೆನ್ನುವ ಕಬ್ಬಿಣದ ತಟ್ಟೆ ಬರುತ್ತದೆ, ಹೊಗೆ ಬಾಗಿಲವರೆಗೂ. ಆಲ್ಬಿಯನ್ ಅಂಗಿಯ ಬಿಳಿಯರು ನಾನ್ ಹರಿದು ಮಿಕ್ಸೆಡ್ ಗ್ರಿಲ್ ತಿನ್ನುತ್ತಿದ್ದರು. ನಾವು ಪನೀರ್ ಹೇಳಿದೆವು. ಮೊದಲ ಸಲ ಕುಡಿಯಲು ನಾನು ತಂದೆ. ಎರಡನೆಯ ಸಲ ಏಳಲು ಹೋದರೆ ಅಪ್ಪ ಕೈ ಹಿಡಿದು ಕೂರಿಸಿದರು. "ಈಗ ನನ್ನ ಸರದಿ ತಾನೇ, ನೀನೇ ಹೇಳಿದೆಯಲ್ಲ." ಊರಿನಿಂದ ಬದಲಾಯಿಸಿ ತಂದಿದ್ದ ಪೌಂಡುಗಳನ್ನು ಒಳ ಜೇಬಿನಿಂದ ತೆಗೆದರು.

ಕೌಂಟರಿನಲ್ಲಿ ಜನ ಇದ್ದರು. ಅಪ್ಪ ಹೋಗಿ ಇಬ್ಬರ ನಡುವಿನ ಸಂದಿಯಲ್ಲಿ ನಿಂತರು. ವಯಸ್ಸಾದವರು ಅಂತಲೋ ಏನೋ, ಮಾಲೀಕ ನೇರ ಅವರ ಕಡೆ ಬಂದ. ಅಪ್ಪ ತಲೆ ಅಲ್ಲಾಡಿಸಿ, ಕೌಂಟರಿನ ಆ ತುದಿಯಲ್ಲಿ ಕೂದಲಿಗೆ ಹಸಿರು ಬಣ್ಣ ಹಚ್ಚಿದ್ದ ಒಬ್ಬ ಹುಡುಗನ ಕಡೆ ಬೆರಳು ತೋರಿಸಿದರು. "ಫಸ್ಟ್ ದಟ್ ಬಾಯ್" ಅಂದದ್ದು ಇಲ್ಲಿಗೂ ಕೇಳಿಸಿತು. ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ದನಿ ಅದು. ಆಮೇಲೆ ತಮ್ಮದು ಹೇಳಿದರು, ಚಿಲ್ಲರೆ ಎಣಿಸಿಕೊಂಡರು, ಎರಡು ಗ್ಲಾಸ್ ಹಿಡಿದು ಯಾರಿಗೂ ತಾಗದ ಹಾಗೆ ಜನರ ನಡುವೆ ಬಂದರು.

"ಐಸ್ ಹಾಕಿಬಿಟ್ಟವ್ನೆ ಕಣೋ, ಗಂಟಲು ಕಟ್ಟುತ್ತೆ" ಅಂತ ಚಮಚ ತಗೊಂಡು, ಖಾಲಿಯಾಗಿದ್ದ ಪನೀರ್ ತಟ್ಟೆಗೆ ಒಂದೊಂದೇ ತುಂಡು ತೆಗೆದು ಹಾಕತೊಡಗಿದರು. ತಟ್ಟೆ ಇನ್ನೂ ಬಿಸಿಯಿತ್ತು. ಚುರ್ ಅಂದಿತು.